ಬಾಣ ಪ್ರಪಾತದ ಕಡೆ ತೋರಿಸಿತು: ಜಿಪಿಎಸ್ ನಂಬಿ ಕಚ್ಚಾ ದಾರಿಗೆ ಇಳಿಯೋದು ಹೇಗೆ?

ಹಿಂಜವಡಿ ಹೈದ | ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಓದಿ ನಗಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ದಸರಾ ಹೊತ್ತಿಗೆ ಕೈಯಲ್ಲಿ ಹಿಡಿಯುವಂಥ ಜಿಪಿಎಸ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಓಡುವ ಪುಟ್ಟ ಡಬ್ಬಿ. ನಿನ್ನೆ ನಾನು, ನಮ್ಮ ಭಾವ ಇಬ್ಬರೇ ಜೀಪಿನಲ್ಲಿ ಹೊರಟೆವು. ಪುಣೆಯಿಂದ ನಸರಾಪುರ, ವೆಲ್ಹೆ, ಕೇಳದ. ಅಲ್ಲಿಂದ ಮಢೇ ಘಾಟ್ ಇಳಿದು ಮಹಾಡ್ ಕಡೆ. ವಾಪಸ್ ವರಂಧಾ ಘಾಟ್ ಹತ್ತಿ ಭೋರ್ ಮೇಲೆ ಮನೆಗೆ. ಮ್ಯಾಪಿನಲ್ಲಿ ಎಷ್ಟು ಚೆಂದದ ಸುತ್ತು ಅಂದರೆ, ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ.

ಡಬ್ಬಿಯ ಸೆಟ್ಟಿಂಗ್‌ನಲ್ಲಿ ಕಾರು, ಸೈಕಲ್, ನಡಿಗೆ, ಆಫ್‌ರೋಡ್ ಅಂತ ಆಯ್ಕೆ ಇತ್ತು. ನಾವು ಹೋಗೋದು ಆಫ್‌ರೋಡ್ ತಾನೆ ಅಂತ ಅದನ್ನೇ ಒತ್ತಿದೆ. ಕೇಳದ ದಾಟಿದ ಮೇಲೆ ಬಾಣ ಪಶ್ಚಿಮಕ್ಕೆ ತಿರುಗಿತು. ನೇರಳೆ ಬಣ್ಣದ ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೆಟ್ಟಗೆ. ಸ್ವಲ್ಪ ದೂರಕ್ಕೇ ರಸ್ತೆ ಮುಗಿಯಿತು. ಗಾಡಿ ನಿಲ್ಲಿಸುವ ಬಯಲು, ಮುಂದೆ ಹುಲ್ಲು, ಹುಲ್ಲಿನ ಆಚೆ ಏನೂ ಇಲ್ಲ. ಕೆಳಗೆ ಕೊಂಕಣ. ಭಾವ ಅಂಚಿನ ತನಕ ನಡೆದು ಹೋಗಿ ನೋಡಿ ಬಂದರು. "ನಿನ್ನ ಬಾಣ ಸರಿಯಾಗೇ ಇದೆಯಪ್ಪ. ನಮ್ಮ ಜೀಪಿಗೆ ರೆಕ್ಕೆ ಇಲ್ಲ ಅಷ್ಟೆ" ಅಂದರು. ಅಲ್ಲಿಂದ ಮನೆವರೆಗೆ ಅದೇ ಮಾತು. ಇವತ್ತು ಅಕ್ಕನ ಫೋನಿನಲ್ಲೂ ಅದೇ ಮಾತು.

ಡಬ್ಬಿ ಕೆಟ್ಟಿದೆಯಾ, ನಾನು ಕೆಟ್ಟಿದ್ದೀನಾ? ಫೋನ್ ಒಂದಿದ್ದರೆ ಸಾಕಿತ್ತಾ? ತಿಳಿದವರು ಹೇಳಿ.

ಬುಲೆಟ್ ಬೆಳಗಾವಿ | ಭಾನುವಾರ, ರಾತ್ರಿ 11:05

ನಗಬೇಡಿ ಅಂದರೆ ಹೆಂಗ್ರೀ?

ಡಬ್ಬಿ ಸರಿ ಇದೆ. ಇಂಥ ಸಾಧನಗಳಲ್ಲಿ "ಆಫ್‌ರೋಡ್" ಅಂದರೆ ಕಚ್ಚಾ ರಸ್ತೆ ಅಂತ ಅರ್ಥ ಅಲ್ಲ. ರಸ್ತೆಗಳನ್ನು ಲೆಕ್ಕಕ್ಕೇ ತಗೋಬೇಡ, ಇಲ್ಲಿಂದ ಅಲ್ಲಿಗೆ ಸೀದಾ ಗೆರೆ ಎಳೆ ಅಂತ. ಹಕ್ಕಿ ಹಾರುವ ದಾರಿ. ದೋಣಿಯವರಿಗೆ, ಮರುಭೂಮಿಯವರಿಗೆ ಅದು ಸರಿ. ಸಹ್ಯಾದ್ರಿಯಲ್ಲಿ ಅದನ್ನು ಒತ್ತಿದರೆ ನಿಮ್ಮ ಭಾವ ಹೇಳಿದ್ದೇ ಆಗುತ್ತೆ.

ಕೋಥ್ರುಡ್ ಕಾಕಾ | ಸೋಮವಾರ, ಬೆಳಿಗ್ಗೆ 6:20

ತಮ್ಮಾ, ಮೊದಲು ಆ "ಘಾಟ್" ವಿಷಯ. ಇಲ್ಲಿ ಮೇಲಿನ ಬಯಲನ್ನು ದೇಶ ಅನ್ನುತ್ತಾರೆ. ದೇಶದಿಂದ ಕೊಂಕಣಕ್ಕೆ ಇಳಿಯುವ ಯಾವ ದಾರಿಗಾದರೂ ಘಾಟ್ ಅಂತಲೇ ಹೆಸರು. ಅದರಲ್ಲಿ ಗಾಡಿ ಹೋಗುವಂಥವು ಬೆರಳೆಣಿಕೆ. ಮಿಕ್ಕಿದ್ದೆಲ್ಲ ಕಾಲುದಾರಿ, ಎತ್ತಿನ ಮೇಲೆ ಉಪ್ಪು, ಅಕ್ಕಿ ಹೇರಿಕೊಂಡು ಹತ್ತಿಳಿಯುತ್ತಿದ್ದ ದಾರಿ. ಮಢೇ ಘಾಟ್ ಕೂಡ ಕಾಲುದಾರಿಯೇ, ಕೆಳಗೆ ಕರ್ಣವಡಿಗೆ ಇಳಿಯುತ್ತದೆ. ಸಿಂಹಗಡದಲ್ಲಿ ಮಡಿದ, ಶಿವಾಜಿಯ ಸೇನಾನಿ ತಾನಾಜಿಯ ದೇಹವನ್ನು ಊರಿಗೆ ಒಯ್ದದ್ದು ಈ ದಾರಿಯಲ್ಲೇ ಅಂತ ಇಲ್ಲಿನವರು ಹೇಳುತ್ತಾರೆ. ಆದ್ದರಿಂದ ಮ್ಯಾಪಿನ ಹೆಸರು ನೋಡಬೇಡ, ಗೆರೆ ನೋಡು. ಚುಕ್ಕಿ ಚುಕ್ಕಿ ಇದ್ದರೆ ಕಾಲಿಗೆ, ಉದ್ದುದ್ದ ತುಂಡು ಇದ್ದರೆ ಗಾಡಿಗೆ ಇರಬಹುದು. ಒಂದೊಂದು ಮ್ಯಾಪಿನಲ್ಲಿ ಒಂದೊಂದು ಥರ, ಸೂಚಿ ತೆಗೆದು ಓದು.

ಈಗ ಮುಖ್ಯ ಮಾತು. ವೇಪಾಯಿಂಟ್, ರೂಟ್, ಟ್ರ್ಯಾಕ್ ಮೂರೂ ಬೇರೆ ಬೇರೆ. ಜಿಪಿಎಕ್ಸ್ ಅನ್ನೋ ಒಂದೇ ಫೈಲಿನಲ್ಲಿ ಮೂರೂ ಇರಬಹುದು, ಅದಕ್ಕೇ ಹೊಸಬರಿಗೆ ಗೊಂದಲ.

ವೇಪಾಯಿಂಟ್ ಅಂದರೆ ನೆಲಕ್ಕೆ ಹೊಡೆದ ಒಂದು ಗೂಟ. ರೂಟ್ ಅಂದರೆ ಗೂಟಗಳ ಪಟ್ಟಿ. ಒಂದು ಗೂಟದಿಂದ ಮುಂದಿನದಕ್ಕೆ ಹೇಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ನಿನ್ನ ಡಬ್ಬಿ, ತನ್ನೊಳಗಿರುವ ಮ್ಯಾಪ್ ನೋಡಿಕೊಂಡು. ಟ್ರ್ಯಾಕ್ ಅಂದರೆ ಯಾರೋ ಹೋದ ಚಕ್ರದ ಗುರುತು, ಸಾವಿರಾರು ಬಿಂದು ಸೇರಿದ ಗೆರೆ. ಡಬ್ಬಿ ಅದನ್ನು ಬದಲಾಯಿಸೋದಿಲ್ಲ, ಸುಮ್ನೆ ತೋರಿಸುತ್ತೆ.

ಡಾಂಬರಿಗೆ ರೂಟ್ ಸಾಕು. ಕಚ್ಚಾ ದಾರಿಗೆ ಟ್ರ್ಯಾಕ್. ಇದನ್ನು ಕಲಿತ ಕಥೆ ಹೇಳಿಬಿಡ್ತೀನಿ. ಒಮ್ಮೆ ನಾವು ಎರಡು ಜಿಪ್ಸಿಯಲ್ಲಿ ಭೋರ್ ಕಡೆ ಹೋಗಿದ್ದೆವು. ಇಬ್ಬರಲ್ಲೂ ಒಂದೇ ರೂಟ್ ಫೈಲ್. ಆದರೆ ನನ್ನದರಲ್ಲಿ ಒಂದು ಮ್ಯಾಪ್, ಗೆಳೆಯನದರಲ್ಲಿ ಇನ್ನೊಂದು. ಒಂದು ಕವಲಿನಲ್ಲಿ ನಾನು ಎಡಕ್ಕೆ, ಹಿಂದೆ ಧೂಳಿನಲ್ಲಿ ಬರುತ್ತಿದ್ದ ಅವನು ಬಲಕ್ಕೆ. ಇಬ್ಬರ ಡಬ್ಬಿಯೂ "ಸರಿಯಾಗಿ ಹೋಗ್ತಿದ್ದೀಯ" ಅಂತಲೇ ಹೇಳುತ್ತಿತ್ತು. ಮೂರು ಗಂಟೆ ಆದ ಮೇಲೆ ಚಹಾ ಅಂಗಡಿಯಲ್ಲಿ ಸಿಕ್ಕಾಗ ಇಬ್ಬರೂ ಮಾತಾಡಲಿಲ್ಲ.

ಹಿಂಜವಡಿ ಹೈದ | ಸೋಮವಾರ, ಬೆಳಿಗ್ಗೆ 9:15

ಕಾಕಾ, ಗೂಟದ ಲೆಕ್ಕ ಕೇಳಿದ ಮೇಲೆ ತಲೆಗೆ ಹೋಯಿತು. ಹಾಗಾದರೆ ಯಾರಾದರೂ ರೆಕಾರ್ಡ್ ಮಾಡಿದ ಟ್ರ್ಯಾಕ್ ಇಳಿಸಿಕೊಂಡು ಅದರ ಮೇಲೇ ಹೋದರೆ ಮುಗೀತಲ್ವಾ?

ಸಹ್ಯಾದ್ರಿ ಸುತ್ತಾಟ | ಸೋಮವಾರ, ಮಧ್ಯಾಹ್ನ 1:30

ಮುಗಿಯಲ್ಲ. ಅಲ್ಲೇ ನಾನು ನೀರಿಗೆ ಬಿದ್ದದ್ದು, ಹೆಚ್ಚು ಕಡಿಮೆ ನಿಜವಾಗಿಯೂ.

ಪಾನಶೇತ ಹಿನ್ನೀರಿನ ಪಕ್ಕ ಹೋಗುವ ಒಂದು ಟ್ರ್ಯಾಕ್ ನನಗೆ ಸಿಕ್ಕಿತ್ತು. ಅಚ್ಚುಕಟ್ಟಾದ ಗೆರೆ, ಎಲ್ಲೂ ತುಂಡಾಗಿಲ್ಲ. ಅಕ್ಟೋಬರಿನಲ್ಲಿ ಹೋದೆ. ಎರಡು ಕಡೆ ಲಂಟಾನ, ನಡುವೆ ಒಂದು ಗಾಡಿಯ ಜಾಗ. ತಿರುವು ಕಳೆದು ನೋಡಿದರೆ ಚಕ್ರದ ಜಾಡು ಮೆಲ್ಲಗೆ ನೀರೊಳಗೆ ಇಳಿದು ಹೋಗಿತ್ತು. ಸ್ಕ್ರೀನಿನಲ್ಲಿ ಗೆರೆ ನೀರಿನ ಮೇಲೇ ಹೋಗಿ ಆಚೆ ದಡದಲ್ಲಿ ಎದ್ದಿತ್ತು. ಆಮೇಲೆ ಫೈಲ್ ತೆರೆದು ದಿನಾಂಕ ನೋಡಿದೆ: ಮೇ ತಿಂಗಳು. ಅಣೆಕಟ್ಟು ಬತ್ತಿದಾಗ ಯಾರೋ ಕೆರೆಯ ತಳದಲ್ಲಿ ಗಾಡಿ ಓಡಿಸಿದ್ದಾರೆ. ತಿರುಗಿಸಲು ಜಾಗ ಇಲ್ಲದೆ 800 ಮೀಟರ್ ರಿವರ್ಸ್ ಬಂದೆ. ಕುತ್ತಿಗೆ ಎರಡು ದಿನ ಹಿಡಿದುಕೊಂಡಿತ್ತು.

ಅವತ್ತಿನಿಂದ ಟ್ರ್ಯಾಕ್ ಸಿಕ್ಕ ಕೂಡಲೇ ಮೊದಲು ನೋಡೋದು ತಿಂಗಳು. ಪ್ರತಿ ಬಿಂದುವಿಗೂ ಸಮಯ ಅಂಟಿಕೊಂಡಿರುತ್ತೆ, ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೂ ಕಾಣುತ್ತೆ. ಸಮಯ ಅಳಿಸಿ ಹಾಕಿದ ಫೈಲ್ ಆದರೆ ನನಗೆ ಅನುಮಾನ, ಮನೆಯಲ್ಲಿ ಕೂತು ಮೌಸಿನಲ್ಲಿ ಎಳೆದದ್ದೂ ಆಗಿರಬಹುದು. ಸಮಯ ಇದ್ದರೆ ಇನ್ನೊಂದು ಲಾಭ, ವೇಗ ಗೊತ್ತಾಗುತ್ತೆ. ಒಂದು ಕಡೆ ಹತ್ತು ನಿಮಿಷ ಬಿಂದುಗಳು ಗುಂಪು ಕಟ್ಟಿದ್ದರೆ ಅಲ್ಲಿ ಅವರು ಸಿಕ್ಕಿಹಾಕಿಕೊಂಡಿದ್ದಾರೆ ಅಥವಾ ಊಟ ಮಾಡಿದ್ದಾರೆ. ಇಡೀ ದಾರಿಯಲ್ಲಿ ಗಂಟೆಗೆ 4 ಕಿ.ಮೀ. ಇದ್ದರೆ ಅವರು ಗಾಡಿಯಲ್ಲೇ ಇರಲಿಲ್ಲ, ನಡೆದುಕೊಂಡು ಹೋಗಿದ್ದಾರೆ!

ಆಮೇಲೆ ಉಪಗ್ರಹದ ಚಿತ್ರ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ವರ್ಷ, ತಿಂಗಳ ಪ್ರಕಾರ ನೋಡಬಹುದು. ಮೇ ತಿಂಗಳದ್ದು, ಅಕ್ಟೋಬರ್ ಅಥವಾ ನವೆಂಬರಿನದ್ದು ಎರಡೂ ನೋಡಿ. ಮುಳಶಿ, ಪಾನಶೇತ, ವರಸಗಾಂವ್ ಯಾವುದೇ ಹಿನ್ನೀರಿರಲಿ, ದಡ ಎಲ್ಲಿಂದ ಎಲ್ಲಿಗೆ ಸರಿಯುತ್ತೆ ಅಂತ ನೋಡಿದರೆ ಗಾಬರಿಯಾಗುತ್ತೆ. ಹೋದ ವಾರದ ಸ್ಥಿತಿ ಬೇಕಾದರೆ ಸೆಂಟಿನೆಲ್-2 ಅನ್ನೋ ಉಪಗ್ರಹದ ಚಿತ್ರಗಳಿವೆ, ಬಿಟ್ಟಿ. ಸುಮಾರು 5 ದಿನಕ್ಕೊಮ್ಮೆ ಹೊಸದು ಬರುತ್ತೆ. ಒಂದು ಚುಕ್ಕೆ ಅಂದರೆ 10 ಮೀಟರ್, ಹಾಗಾಗಿ ಕಲ್ಲು, ಗುಂಡಿ ಕಾಣಲ್ಲ. ನೀರು ಎಲ್ಲಿದೆ ಅನ್ನೋದು ಚೆನ್ನಾಗಿ ಕಾಣುತ್ತೆ. ಮಳೆಗಾಲದಲ್ಲಿ ಮಾತ್ರ ಬರೀ ಮೋಡ.

ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಜನರೇ ಸೇರಿ ಬರೆಯುವ ಬಿಟ್ಟಿ ಮ್ಯಾಪ್ ಇದೆ, ಅದರಲ್ಲಿ ಕಚ್ಚಾ ದಾರಿಗಳಿಗೆ ಗ್ರೇಡ್ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 1 ಅಂದರೆ ಗಟ್ಟಿ ನೆಲ, 5 ಅಂದರೆ ಬರೀ ಮಣ್ಣು, ಹುಲ್ಲು. ನಮ್ಮ ಕಡೆ ಎಷ್ಟೋ ದಾರಿಗಳಿಗೆ ದರ್ಜೆಯನ್ನೇ ಹಾಕಿಲ್ಲ. ನಾನು ಹೋಗಿ ಬಂದ ಮೇಲೆ ಹಾಕುತ್ತೇನೆ, ನೀವೂ ಹಾಕಿ.

ಠಾಣೆ ಲೋಕಲ್ | ಸೋಮವಾರ, ಸಂಜೆ 7:50

ಇಷ್ಟೆಲ್ಲ ಕಷ್ಟ ಯಾಕೆ? ಫೋನಿನಲ್ಲಿ ಆಫ್‌ಲೈನ್ ಮ್ಯಾಪ್ ಹಾಕಿ, ಅದೇ ಜಿಪಿಎಕ್ಸ್ ತೆರೆದರೆ ಆಯ್ತು. ಓಸ್ಮ್ಯಾಂಡ್, ಆರ್ಗಾನಿಕ್ ಮ್ಯಾಪ್ಸ್ ಎರಡೂ ಚೆನ್ನಾಗಿವೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಬರುತ್ತೆ. ಇದು ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಉಪಗ್ರಹಕ್ಕೂ ನಮ್ಮ ರೀಚಾರ್ಜಿಗೂ ಸಂಬಂಧವೇ ಇಲ್ಲ. ಫೋನಿನ ಸ್ಕ್ರೀನ್ ದೊಡ್ಡದು, ಟೈಪ್ ಮಾಡೋದು ಸುಲಭ. ಆ ಪುಟ್ಟ ಡಬ್ಬಿಯಲ್ಲಿ ಒಂದು ಊರಿನ ಹೆಸರು ಒತ್ತುವಷ್ಟರಲ್ಲಿ ಕರ್ಜತ್ ಲೋಕಲ್ ಹೋಗಿರುತ್ತೆ.

ಬುಲೆಟ್ ಬೆಳಗಾವಿ | ಸೋಮವಾರ, ರಾತ್ರಿ 8:10

ಲೋಕಲ್ ಸಾಹೇಬ್ರೇ, ಏಪ್ರಿಲ್ ಬಿಸಿಲಲ್ಲಿ ಹ್ಯಾಂಡಲ್ ಮೇಲೆ ಫೋನ್ ಕಟ್ಟಿ ನೋಡಿ. ಅರ್ಧ ಗಂಟೆಗೆ "ಬಿಸಿಯಾಗಿದೆ" ಅಂತ ಬೋರ್ಡ್ ಹಾಕಿ ಮಲಗುತ್ತೆ. ಜುಲೈನಲ್ಲಿ ಮಳೆ ಹನಿಯೇ ಬಟನ್ ಒತ್ತುತ್ತಾ ಕೂರುತ್ತೆ. ಬೈಕಿನ ನಡುಕಕ್ಕೆ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್‌ನವರೇ ಎಚ್ಚರಿಸಿದ್ದಾರೆ. ಡಬ್ಬಿಗೆ ಬಟನ್ ಇದೆ, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಬಿಸಿಲು ಜಾಸ್ತಿ ಇದ್ದಷ್ಟೂ ಅದರ ಸ್ಕ್ರೀನ್ ಚೆನ್ನಾಗಿ ಕಾಣುತ್ತೆ. ಸೆಲ್ ಮುಗಿದರೆ ವೆಲ್ಹೆಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ.

ಕೋಥ್ರುಡ್ ಕಾಕಾ | ಸೋಮವಾರ, ರಾತ್ರಿ 9:00

ಇಬ್ಬರೂ ಜಗಳ ಆಡಬೇಡಿ. ಯೋಜನೆ ಕಂಪ್ಯೂಟರಿನಲ್ಲಿ, ದಾರಿ ಡಬ್ಬಿಯಲ್ಲಿ, ಫೋನ್ ಜೇಬಿನಲ್ಲಿ ಅದೇ ಫೈಲ್ ಇಟ್ಟುಕೊಂಡು. ಒಂದು ಕೆಟ್ಟರೆ ಇನ್ನೊಂದು. ನಾನು ಇವತ್ತಿಗೂ ಕವಲುಗಳನ್ನು ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ.

ಸೆಲ್ ಬಗ್ಗೆ ಒಂದು ಮಾತು. ಚಾರ್ಜ್ ಮಾಡುವ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲೂ ಹಾಗಂತ ಹೇಳಬೇಕು. ಅದರ ವೋಲ್ಟೇಜ್ 1.2, ಮಾಮೂಲಿ ಸೆಲ್ಲಿನದು 1.5. ಹೇಳದಿದ್ದರೆ ಅದು ತೋರಿಸುವ ಬ್ಯಾಟರಿ ಮಟ್ಟ ನಂಬುವ ಹಾಗಿಲ್ಲ. ಸೆಲ್ ಬದಲಿಸಿದ ಮೇಲೆ ದಿಕ್ಸೂಚಿಯನ್ನೂ ಹೊಂದಿಸಿಕೋ. ಜೀಪಿನ ಸ್ಪೀಕರ್ ಪಕ್ಕ ಇಟ್ಟರಂತೂ ಅದು ಉತ್ತರ ದಿಕ್ಕನ್ನೇ ಮರೆಯುತ್ತೆ.

ಇನ್ನೊಂದು, ತಿಂಗಳುಗಟ್ಟಲೆ ಡ್ರಾಯರಿನಲ್ಲಿದ್ದ ಡಬ್ಬಿ ಆನ್ ಮಾಡಿದ ಕೂಡಲೇ ಜಾಗ ಹೇಳಲ್ಲ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ನಾನು ನಸರಾಪುರ ಫಾಟಾದಲ್ಲಿ ಮಿಸಳ್ ಆರ್ಡರ್ ಮಾಡಿ ಡಬ್ಬಿಯನ್ನು ಬಾನೆಟ್ ಮೇಲೆ ಇಡ್ತೀನಿ. ಎರಡನೇ ಪಾವ್ ಬರುವಷ್ಟರಲ್ಲಿ ಅದು ತಯಾರು.

ಮಡಗಾಂವ್ ಮಂಗ್ಳೂರಿಗ | ಮಂಗಳವಾರ, ಬೆಳಿಗ್ಗೆ 8:40

ಗೋವಾದಿಂದ ಎರಡು ಮಾತು ಮಾರಾಯ್ರೆ.

ಒಂದು, ಸಾಂಗೆ, ಡಿಚೋಲಿ ಕಡೆ ಮ್ಯಾಪಿನಲ್ಲಿ ಅಗಲವಾದ ಕಚ್ಚಾ ರಸ್ತೆಗಳು ಬಲೆ ಹೆಣೆದ ಹಾಗೆ ಕಾಣುತ್ತವೆ. ಅವು ಗಣಿ ರಸ್ತೆಗಳು. ಗಣಿಗಾರಿಕೆ 2012ರಲ್ಲಿ ನಿಂತಿತು, ಮತ್ತೆ ಶುರುವಾಗಿ 2018ರಲ್ಲಿ ಮತ್ತೆ ನಿಂತಿತು. ಮ್ಯಾಪಿನಲ್ಲಿ ರಸ್ತೆ ಹಾಗೇ ಉಂಟು, ನೆಲದಲ್ಲಿ ಎಷ್ಟೋ ಕಡೆ ಗೇಟ್ ಉಂಟು, ಗೇಟಿಗೆ ಬೀಗ ಉಂಟು. ಕುಳೆಯಿಂದ ದೂಧಸಾಗರಕ್ಕೆ ಹೋಗುವ ಟ್ರ್ಯಾಕ್ ಕೂಡ ಬೇಕಾದಷ್ಟು ಸಿಗುತ್ತೆ. ಅದು ಅಭಯಾರಣ್ಯದ ಒಳಗೆ. ಅಲ್ಲಿನ ಪರವಾನಗಿ ಇರುವ ಜೀಪುಗಳಿಗೆ ಮಾತ್ರ, ನಿಮ್ಮ ಗಾಡಿಗೆ ಅಲ್ಲ.

ಎರಡು, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನಗಳನ್ನು ವಿದೇಶದಿಂದ ತರಿಸಬೇಡಿ. ಬರೀ ಜಾಗ ತೋರಿಸುವ ಜಿಪಿಎಸ್ ಬೇರೆ, ಅದು ಕೇಳಿಸಿಕೊಳ್ಳುತ್ತೆ ಅಷ್ಟೆ. ಮೆಸೇಜ್ ಕಳಿಸುವುದಕ್ಕೆ ನಮ್ಮ ದೇಶದಲ್ಲಿ ಸರ್ಕಾರದ ಪರವಾನಗಿ ಬೇಕು. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಇಂಥದ್ದು ಇಟ್ಟುಕೊಂಡಿದ್ದ ವಿದೇಶಿಯರನ್ನು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು.

ಠಾಣೆ ಲೋಕಲ್ | ಮಂಗಳವಾರ, ಬೆಳಿಗ್ಗೆ 10:05

ಜಿಪಿಎಸ್ ಥರದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಇದೆಯಲ್ಲ, ಅದು ಈ ಡಬ್ಬಿಗಳಲ್ಲಿ ಬರುತ್ತಾ?

ಸಹ್ಯಾದ್ರಿ ಸುತ್ತಾಟ | ಮಂಗಳವಾರ, ಬೆಳಿಗ್ಗೆ 11:20

ಹಳೆಯವುಗಳಲ್ಲಿ ಇಲ್ಲ. ಕೆಲವು ಹೊಸ ಫೋನುಗಳಲ್ಲಿ ಇದೆ. ಅದನ್ನು ನಡೆಸುವ ಇಸ್ರೋ ಕೇಂದ್ರ ನಮ್ಮ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ ಅನ್ನೋದು ಖುಷಿ. ಆದರೆ ದಾರಿ ತಪ್ಪೋದು ಉಪಗ್ರಹದಿಂದ ಅಲ್ಲ. ಬಯಲಿನಲ್ಲಿ ಎಲ್ಲವೂ ನಾಲ್ಕೈದು ಮೀಟರಿನ ಒಳಗೇ ಹೇಳುತ್ತವೆ. ತೊಂದರೆ ಕೊಡೋದು ಬಂಡೆಗಳು. ಕಡಿದಾದ ಗೋಡೆಯ ಕೆಳಗೆ ಅರ್ಧ ಆಕಾಶ ಮುಚ್ಚಿರುತ್ತೆ, ಸಿಗ್ನಲ್ ಬಂಡೆಗೆ ತಾಗಿ ಸುತ್ತಿ ಬರುತ್ತೆ. ನಿಂತಲ್ಲೇ ನಿಂತ ಗಾಡಿ ಹಳ್ಳದ ಆ ಕಡೆ ಈ ಕಡೆ ಹಾರಿದ ಹಾಗೆ ಕಾಣುತ್ತೆ. ಅಂಥ ಕಡೆ ರೆಕಾರ್ಡ್ ಮಾಡಿದ ಟ್ರ್ಯಾಕನ್ನು ಮೀಟರ್ ಲೆಕ್ಕದಲ್ಲಿ ನಂಬಬೇಡಿ.

ಎತ್ತರದ ಗೆರೆಗಳೂ ಅಷ್ಟೆ. ಬಹಳಷ್ಟು ಬಿಟ್ಟಿ ಮ್ಯಾಪುಗಳ ಎತ್ತರದ ಲೆಕ್ಕ ಬಂದದ್ದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯೊಂದು 11 ದಿನ ಸುತ್ತಿ ಅಳೆದದ್ದರಿಂದ. ಅದರಲ್ಲಿ 30 ಮೀಟರಿಗೆ ಒಂದು ಬಿಂದು. ನಡುವಿನ ಗೋಡೆಯಂಥ ಬಂಡೆ ಲೆಕ್ಕದಲ್ಲಿ ನುಣುಪಾಗಿ ಇಳಿಜಾರಾಗುತ್ತೆ. ಹೈದ, ನಿಮ್ಮ ಮಢೇ ಘಾಟ್ ಕೂಡ ಹಾಗೇ ಮೋಸ ಮಾಡಿರಬೇಕು.

ಕೋಥ್ರುಡ್ ಕಾಕಾ | ಮಂಗಳವಾರ, ರಾತ್ರಿ 9:30

ಅಂಕಿ ಬರೆದುಕೊಳ್ಳುವಾಗ ಎಚ್ಚರ. ಗೆಳೆಯರೊಬ್ಬರು ಫೋನಿನಲ್ಲಿ "ಹದಿನೆಂಟು, ಇಪ್ಪತ್ತೆರಡು ಪಾಯಿಂಟ್ ಐದು" ಅಂದರು. ಅವರು ಹೇಳಿದ್ದು 18 ಡಿಗ್ರಿ 22.5 ಮಿನಿಟು. ನಾನು ಹಾಕಿದ್ದು 18.225 ಡಿಗ್ರಿ. ಒಂದು ಡಿಗ್ರಿಗೆ 60 ಮಿನಿಟು, ಹಾಗಾಗಿ ಸರಿಯಾದದ್ದು 18.375. ವ್ಯತ್ಯಾಸ 0.15 ಡಿಗ್ರಿ. ಸಣ್ಣದು ಅನಿಸುತ್ತೆ, ಅಲ್ವಾ? ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. ಅಂದರೆ ನಾನು ಹದಿನಾರೂವರೆ ಕಿ.ಮೀ. ದಕ್ಷಿಣದಲ್ಲಿ, ಒಂದು ಹುಣಸೇಮರದ ಕೆಳಗೆ ಅವರಿಗೆ ಕಾಯುತ್ತಾ ಕೂತಿದ್ದೆ.

ಹಳೆಯ ಸರ್ವೆ ಆಫ್ ಇಂಡಿಯಾ ನಕ್ಷೆಯಿಂದ ಅಂಕಿ ತೆಗೆಯುವವರು ನೋಡಿಕೊಳ್ಳಿ. ಅವು ಎವರೆಸ್ಟ್ ಅನ್ನೋ, ಭೂಮಿಯ ಆಕಾರದ ಹಳೆಯ ಅಳತೆಯ ಮೇಲಿವೆ. ಜಿಪಿಎಸ್ ಇರೋದು ಡಬ್ಲ್ಯೂಜಿಎಸ್ 84 ಅನ್ನೋ ಹೊಸ ಅಳತೆಯ ಮೇಲೆ. ಸೆಟ್ಟಿಂಗ್ ಬದಲಿಸದೆ ಹಾಕಿದರೆ ನಮ್ಮ ಕಡೆ ನೂರು ಮೀಟರ್ ಆಚೀಚೆ ಆಗುತ್ತೆ. ಬಯಲಲ್ಲಿ ಪರವಾಗಿಲ್ಲ. ಸಹ್ಯಾದ್ರಿಯ ಅಂಚಿನಲ್ಲಿ ನೂರು ಮೀಟರ್ ಅಂದರೆ ಮೇಲಿನ ಊರೋ ಕೆಳಗಿನ ಊರೋ ಅನ್ನುವಷ್ಟು.

ರೆಕಾರ್ಡಿಂಗ್ ಬಗ್ಗೆ: ಸೆಕೆಂಡಿಗೊಂದು ಬಿಂದು ಇಡಬೇಡ. ಎಷ್ಟೋ ಡಬ್ಬಿಗಳಲ್ಲಿ ಒಂದು ಟ್ರ್ಯಾಕಿಗೆ 10,000 ಬಿಂದುವಷ್ಟೇ ಮಿತಿ. ಸೆಕೆಂಡಿಗೊಂದರಂತೆ ಅದು ಮೂರು ಗಂಟೆಯೊಳಗೆ ತುಂಬುತ್ತೆ. "ಆಟೋ" ಅಂತ ಬಿಡು, ತಿರುವಿನಲ್ಲಿ ಜಾಸ್ತಿ, ನೇರ ದಾರಿಯಲ್ಲಿ ಕಡಿಮೆ ತಗೊಳ್ಳುತ್ತೆ.

ಕೊನೆಗೆ, ಹಳ್ಳಿಯಲ್ಲಿ ಕೇಳುವ ಪ್ರಶ್ನೆ. "ಗಾಡಿ ಜಾತೇ ಕಾ?", ಅಂದರೆ ಗಾಡಿ ಹೋಗುತ್ತಾ, ಅಂತ ಕೇಳಬೇಡ. ಎಲ್ಲರೂ "ಜಾತೇ ಕೀ!" ಅಂತಾರೆ, ಬಂದವರ ಮನಸ್ಸು ಯಾಕೆ ನೋಯಿಸೋದು ಅಂತ. "ಶೇವಟ್‌ಚೀ ಗಾಡೀ ಕಧೀ ಗೇಲೀ?" ಅಂತ ಕೇಳು. ಕೊನೆಯ ಗಾಡಿ ಯಾವಾಗ ಹೋಯಿತು ಅಂತ. ಉತ್ತರ "ಗಣಪತಿ ಹಬ್ಬಕ್ಕೆ ಮುಂಚೆ" ಅಂತ ಬಂದರೆ ತಿರುಗಿಸು.

ಸಹ್ಯಾದ್ರಿ ಸುತ್ತಾಟ | ಬುಧವಾರ, ಮಧ್ಯಾಹ್ನ 2:10

ಟ್ರ್ಯಾಕ್ ಹಂಚುವವರಿಗೂ ಒಂದು ಮಾತು. ಎರಡು ವರ್ಷದ ಹಿಂದೆ ಮುಳಶಿ ಕಡೆ ಒಬ್ಬ ರೈತರ ಮನೆಯಲ್ಲಿ ನೀರು ಕುಡಿದು, ಅವರ ಅಪ್ಪಣೆ ಕೇಳಿ, ಕೊಯ್ಲಾದ ಭತ್ತದ ಗದ್ದೆಯ ಅಂಚಿನಲ್ಲಿ ಜೀಪು ದಾಟಿಸಿದೆ. ಆ ಟ್ರ್ಯಾಕನ್ನು ಹಾಗೇ ಎಲ್ಲರಿಗೂ ಕೊಟ್ಟೆ. ಮುಂದಿನ ಸಲ ಹೋದಾಗ ಬದುವಿನ ಮೇಲೆ ಸಾಲಾಗಿ ಕಲ್ಲು. ಮಳೆಗಾಲದಲ್ಲಿ, ನಾಟಿ ಆದ ಮೇಲೆ, ಬೈಕುಗಳು ನನ್ನ ಗೆರೆ ಹಿಡಿದು ಬಂದಿವೆ. ಬದು ಒಡೆದು ಒಂದು ಮಡಿಯ ನೀರೆಲ್ಲ ಹರಿದು ಹೋಗಿದೆ. ಅವರು ಬೈಯಲಿಲ್ಲ. ನೀರು ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಅಂಥ ತುಂಡನ್ನು ಕತ್ತರಿಸಿಯೇ ಕೊಡೋದು. ಎಷ್ಟೋ ಮ್ಯಾಪ್ ತಂತ್ರಾಂಶಗಳಲ್ಲಿ ಅದು ಎರಡು ನಿಮಿಷದ ಕೆಲಸ.

ಹಿಂಜವಡಿ ಹೈದ | ಭಾನುವಾರ, ರಾತ್ರಿ 9:50

ವರದಿ ಒಪ್ಪಿಸುತ್ತಿದ್ದೇನೆ.

ಈ ಸಲ ದೊಡ್ಡ ಸುತ್ತು ಹಾಕಲಿಲ್ಲ. ಪಾನಶೇತ ಹಿನ್ನೀರಿನ ಮೇಲಿನ ಒಂದು ವಾಡಿಗೆ, ಅಂದರೆ ಪುಟ್ಟ ಹಳ್ಳಿಗೆ, ಒಟ್ಟು 11 ಕಿ.ಮೀ. ಕಚ್ಚಾ ದಾರಿ. ಟ್ರ್ಯಾಕ್ ಸಿಕ್ಕಿತು, ತಿಂಗಳು ನೋಡಿದೆ: ಡಿಸೆಂಬರ್. ಸೆಂಟಿನೆಲ್ ಚಿತ್ರ ನೋಡಿದೆ, ನೀರು ಗೆರೆಯಿಂದ ದೂರ. ಕವಲುಗಳಿಗೆ ಗೂಟ ಹೊಡೆದೆ, ಚೀಟಿಯೂ ಬರೆದೆ. ಆಫ್‌ರೋಡ್ ಅನ್ನೋ ಆಯ್ಕೆ ಮುಟ್ಟಲಿಲ್ಲ. ಭಾವ ಬಂದರು, ಒಂದು ಛತ್ರಿ ಹಿಡಿದುಕೊಂಡು. ಯಾಕೆ ಅಂದರೆ "ಪ್ಯಾರಾಚೂಟ್" ಅಂದರು.

ಏಳು ಕಿ.ಮೀ. ತನಕ ಗೆರೆ ಮತ್ತು ದಾರಿ ಅಂಟಿಕೊಂಡೇ ಇದ್ದವು. ಆಮೇಲೆ ಹಳ್ಳದ ಹತ್ತಿರ ಹಳೆಯ ದಾರಿ ಕೊಚ್ಚಿ ಹೋಗಿ, ಬಲಕ್ಕೆ ಹೊಸ ಜಾಡು ಹೋಗಿತ್ತು. ಮ್ಯಾಪಿನಲ್ಲಿ ಅದು ಇಲ್ಲ. ಒಬ್ಬ ಆಜಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು. ಕಾಕಾ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ, ಅಕ್ಷರ ತಪ್ಪದೆ. "ಶೇವಟ್‌ಚೀ ಗಾಡೀ ಕಧೀ ಗೇಲೀ?" ಆಜಿ ಹೇಳಿದರು, "ಸಕಾಳೀಚ ಗೇಲೀ ಕೀ, ದೂಧವಾಲ್ಯಾಚೀ." ಬೆಳಿಗ್ಗೆ ತಾನೇ ಹಾಲಿನವನ ಗಾಡಿ ಹೋಗಿದೆ! ಖುಷಿಯಿಂದ ಬಲಕ್ಕೆ ತಿರುಗಿಸಿದೆ.

ಮುನ್ನೂರು ಮೀಟರ್ ಆದ ಮೇಲೆ ಎರಡು ಬಂಡೆಗಳ ನಡುವೆ ದಾರಿ ನಾಲ್ಕಡಿಗೆ ಬಂತು. ಮಣ್ಣಿನ ಮೇಲೆ ಒಂದೇ ಒಂದು ಚಕ್ರದ ಗುರುತು. ಹಾಲಿನವನದು ಬೈಕು.

ರಿವರ್ಸ್ ಬಂದೆ. ಸಹ್ಯಾದ್ರಿ ಸುತ್ತಾಟದವರು ಹೇಳಿದ ಕುತ್ತಿಗೆ ನೋವು ಈಗ ನನಗೂ ಇದೆ. ಜೀಪು ಹಳ್ಳದ ಹತ್ತಿರವೇ ಬಿಟ್ಟು ವಾಡಿಗೆ ನಡೆದು ಹೋದೆವು. ಪಿಠಲಾ ಭಾಕರಿ ಸಿಕ್ಕಿತು. ಟ್ರ್ಯಾಕ್ ರೆಕಾರ್ಡ್ ಆಗಿದೆ, ಆ ಮುನ್ನೂರು ಮೀಟರ್ ಕತ್ತರಿಸಿ ಹಾಕುತ್ತೇನೆ.

ಕೋಥ್ರುಡ್ ಕಾಕಾ | ಭಾನುವಾರ, ರಾತ್ರಿ 10:15

ಅಯ್ಯೋ ತಮ್ಮಾ, ಹೇಳೋದೇ ಮರೆತೆ. ಇಲ್ಲಿ ಬೈಕಿಗೂ ಗಾಡಿ ಅಂತಲೇ ಅನ್ನೋದು. "ಚಾರಚಾಕಿ", ನಾಲ್ಕು ಚಕ್ರದ್ದು, ಅಂತ ಕೇಳಬೇಕಿತ್ತು.

ಕತ್ತರಿಸಬೇಡ, ಬೇರೆ ತುಂಡು ಮಾಡಿ "ಬೈಕಿಗೆ ಮಾತ್ರ" ಅಂತ ಹೆಸರಿಡು. ಬುಲೆಟ್‌ನವರಿಗೆ ಬೇಕಾಗುತ್ತೆ.

ಬುಲೆಟ್ ಬೆಳಗಾವಿ | ಭಾನುವಾರ, ರಾತ್ರಿ 10:17

ಕಳಿಸ್ರಿ. ಬರುವ ಶನಿವಾರ ಹೋಗ್ತೀನಿ. ಆ ವಾಡಿಯಲ್ಲಿ ಭಾಕರಿ ಕೊಟ್ಟ ಮನೆಗೂ ಒಂದು ಗೂಟ ಹೊಡೆದಿದ್ದೀರೋ ಇಲ್ಲವೋ?